ಮುಂದಿನ ಸಾಲು ಖಾಲಿಯಾದ ಮೇಲೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಹತ್ತಿರ ಆಡುವ ಫಾರ್ವರ್ಡ್ ಆಟಗಾರನನ್ನು ಅಳೆಯಬೇಕಾದರೆ ಚೆಂಡಿನ ಕಡೆ ನೋಡಲೇಬಾರದು ಎನ್ನುವುದು ಡಾರ್ಲಾ ಹಿಗ್‌ಬಿಯ ಸಿದ್ಧಾಂತ. ಚೆಂಡು ಕೈಗೆ ಬಂದಾಗ ಎಲ್ಲರೂ ಶೂರರೇ. ಅದು ಕೈಯಲ್ಲಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ, ಜೊತೆಯವನಿಗೆ ದಾರಿ ಬಿಡಿಸಿಕೊಡುತ್ತಾನೋ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೋ, ಅಷ್ಟು ನೋಡಿದರೆ ಅವನ ಜಾತಕವೆಲ್ಲ ಬಯಲಾಗುತ್ತದೆ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವೊಂದಕ್ಕೆ ಕಾಲೇಜು ಹುಡುಗರನ್ನು ಹುಡುಕಿಕೊಡುವ ಕೆಲಸದಲ್ಲಿ ಡಾರ್ಲಾಳ ತಲೆ ನರೆತಿತ್ತು. ಅವಳ ಮಾತನ್ನು ತಂಡದ ಮುಖ್ಯಸ್ಥ ಗ್ರೇಡಿ ಸುಮ್ಮನೆ ಒಪ್ಪಿಕೊಳ್ಳುತ್ತಿದ್ದನೆಂದಲ್ಲ. ಒಪ್ಪುವ ತನಕ ಅವಳು ಬಿಡುತ್ತಿರಲಿಲ್ಲ, ಅಷ್ಟೆ.

ಮಾರ್ಚ್ ತಿಂಗಳ ಆ ಶನಿವಾರ ಮಧ್ಯಾಹ್ನ ಅವಳು ಅಮೆರಿಕದ ಇಂಡಿಯಾನಾದ ಹಾರ್ಲನ್ ಕಾಲೇಜಿನ ಜಿಮ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ನೋಡಬೇಕಾಗಿದ್ದದ್ದು ಎಮರಿ ವಾಟ್ಲಿಯನ್ನು. ಕೊನೆಯ ವರ್ಷದ ಹುಡುಗ, ಬಾಗಿಲು ತುಂಬುವಷ್ಟು ಭುಜ. ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ ಪರೀಕ್ಷೆ ಆಟಕ್ಕೆ ಕರೆಸುವ ಹುಡುಗರಲ್ಲಿ ಇನ್ನು ಒಬ್ಬನಿಗೆ ಮಾತ್ರ ಜಾಗವಿದೆ, ಇವತ್ತೇ ಹೌದೋ ಅಲ್ಲವೋ ಹೇಳಿಬಿಡು ಎಂದು ಗ್ರೇಡಿ ಹೇಳಿ ಕಳಿಸಿದ್ದ. ಬೇರೆ ಯಾವ ತಂಡವೂ ಎಮರಿಯನ್ನು ಕೇಳಿರಲಿಲ್ಲ. ಕಾಲೇಜಿಗೆ ಇದು ಈ ವರ್ಷದ ಕೊನೆಯ ಆಟ. ಡಾರ್ಲಾ ಬೇಡವೆಂದರೆ ಹುಡುಗನ ಆಟ ಅಲ್ಲಿಗೇ ಮುಗಿದಂತೆ.

ಆಟಕ್ಕೆ ಮುಂಚೆ, ವಾಡಿಕೆಯಂತೆ, ಕೊನೆಯ ವರ್ಷದ ಹುಡುಗರು ತಂದೆತಾಯಿಯರ ಕೈಹಿಡಿದು ಅಂಕಣದ ನಡುವಿನವರೆಗೆ ನಡೆದರು. ಎಮರಿಗೆ ತಾಯಿ ಮಾತ್ರ. ರೂಥಾನ್ ಎಂದು ಹೆಸರು, ಶಾಲಾ ಬಸ್ಸು ಓಡಿಸುವವಳು. ಮಗನ ನಂಬರಿನ ಅಂಗಿ ತೊಟ್ಟು, ಅತ್ತೂ ಅತ್ತೂ ಮೂಗು ಕೆಂಪಗೆ ಮಾಡಿಕೊಂಡಿದ್ದಳು.

ಆಟ ಶುರುವಾಯಿತು, ಡಾರ್ಲಾಳ ಮುಖ ಗಂಟಿಕ್ಕಿತು. ವಿಡಿಯೊದಲ್ಲಿ ಅವಳು ಮೆಚ್ಚಿದ್ದ ಎಮರಿ ಬುಟ್ಟಿಯ ಕೆಳಗೆ ಬೇರು ಬಿಟ್ಟು ನಿಲ್ಲುವವನು. ಇವತ್ತು ಮೂರು ಪಾಯಿಂಟಿನ ದೂರದ ಗೆರೆಯಾಚೆಗೆ ಹೋಗಿ ನಿಂತು, ಚೆಂಡು ಸಿಕ್ಕಿದ್ದೇ ತಡ, ಅಲ್ಲಿಂದಲೇ ಎಸೆಯುತ್ತಿದ್ದ. ಒಂದು ರಿಂಗಿಗೆ ಬಡಿದು ಹಾರಿತು. ಇನ್ನೊಂದು ರಿಂಗನ್ನೂ ಮುಟ್ಟಲಿಲ್ಲ. ನವಿಲನ್ನು ನೋಡಿ ಕೆಂಭೂತ ಪುಕ್ಕ ಕೆದರಿಕೊಂಡ ಹಾಗಿತ್ತು ಅವನ ಆಟ.

ಪಕ್ಕದಲ್ಲಿ ಕೂತಿದ್ದ ಲೆನ್ನಿ ಪ್ರುವಿಟ್, ಡಾರ್ಲಾಳಂತೆಯೇ ಬೇರೊಂದು ತಂಡಕ್ಕೆ ಹುಡುಗರನ್ನು ಹುಡುಕುವವನು, ಬೇರೆ ಯಾರನ್ನೋ ನೋಡಲು ಬಂದವನು, ನಗು ತಡೆಯಲಾರದೆ ಹೇಳಿದ: "ಏನಮ್ಮಾ ಡಾರ್ಲಾ, ಇವನನ್ನ ನೋಡೋಕಾ ಇಷ್ಟು ದೂರ ಕಾರು ಓಡಿಸ್ಕೊಂಡು ಬಂದೆ? ಊರಲ್ಲಿ ಟಿವಿ ಕೆಟ್ಟೋಗಿತ್ತಾ?"

ಡಾರ್ಲಾ ಹುಡುಗನ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳಿಗೆ ಬೇರೇನೋ ಕಂಡಿತ್ತು. ಗುರಿ ತಪ್ಪಿದಾಗಲೆಲ್ಲ ಎಮರಿ ತನ್ನ ಕೋಚ್‌ನನ್ನು ನೋಡುತ್ತಿರಲಿಲ್ಲ, ತಂಡದವರನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ನೇರ ಇವರ ಸಾಲಿಗೆ ಬರುತ್ತಿತ್ತು, ಎದೆಯ ಮೇಲೆ ತಂಡಗಳ ಲಾಂಛನ ಹೊತ್ತ ಇವರ ಜಾಕೆಟ್‌ಗಳ ಮೇಲೆ. ಈ ಕಸುಬಿನವರೆಲ್ಲ ಮಾಡುವ ತಪ್ಪೇ ಇದು. ಎದ್ದು ಕಾಣುವ ಹಾಗೆ ಬಂದು ಮುಂದೆ ಕೂರುವುದು, ಆಮೇಲೆ ಕಂಡದ್ದೇ ಹುಡುಗನ ನಿಜವಾದ ಆಟವೆಂದು ಬರೆದುಕೊಂಡು ಹೋಗುವುದು. ಹುಲಿ ಪಕ್ಕದಲ್ಲಿ ಕೂತರೆ ಜಿಂಕೆ ಹೇಗೆ ಮೇಯುತ್ತದೆಂದು ಯಾರಿಗೆ ತಾನೇ ಗೊತ್ತಾದೀತು!

ವಿರಾಮದಲ್ಲಿ ಗ್ರೇಡಿ ಫೋನ್ ಮಾಡಿದ. ಅಂಕಿಗಳೆಲ್ಲ ಅವನ ಮುಂದೆ ಬಂದಿದ್ದವು. ಇವನನ್ನು ಬಿಟ್ಟು ಊರಿಗೆ ಬಾ ಎಂದ. ಆಟ ಪೂರ್ತಿ ಮುಗಿಯುವ ತನಕ ಆ ಜಾಗ ಯಾರಿಗಾದರೂ ಕೊಟ್ಟರೆ ನೋಡು ಎಂದು ಡಾರ್ಲಾ ಫೋನ್ ಇಟ್ಟಳು.

ಆಮೇಲೆ ಲೆನ್ನಿಯ ಕಡೆ ತಿರುಗಿ, ಹೊರಗೆ ಹಿಮ ಬೀಳತೊಡಗಿದೆ, ರಸ್ತೆ ಕೆಡುವ ಮುಂಚೆ ಹೊರಡೋಣ ಎಂದಳು. ಲೆನ್ನಿಗೆ ಅಷ್ಟೇ ಸಾಕಾಗಿತ್ತು. ಆಟಗಾರರು ಮತ್ತೆ ಅಂಕಣಕ್ಕೆ ಬರುತ್ತಿದ್ದಂತೆ ಡಾರ್ಲಾ ಬೇಕೆಂದೇ ಅವರ ಬೆಂಚಿನ ಮುಂದೆ ಹಾದು, ಕಾರಿನ ಕೀ ಗಲಗಲ ಆಡಿಸುತ್ತಾ ನಡೆದಳು. ಎಮರಿ ನೋಡಿದ. ಅವನ ಭುಜಗಳು ಇಳಿದವು. ಇದು ಕ್ರೂರವೆಂದು ಅವಳಿಗೆ ಗೊತ್ತಿತ್ತು, ಆದರೆ ಬೇರೆ ದಾರಿ ಹೊಳೆಯಲಿಲ್ಲ.

ಲೆನ್ನಿಯ ಕಾರು ಕಣ್ಮರೆಯಾದ ಮೇಲೆ ಜಾಕೆಟ್ಟನ್ನು ತನ್ನ ಕಾರಿನೊಳಗೆ ಎಸೆದು, ಬಾಗಿಲ ಬಳಿಯ ಅಂಗಡಿಯಲ್ಲಿ ಕಾಲೇಜಿನ ಉಣ್ಣೆ ಟೋಪಿ ಕೊಂಡು ಕಿವಿ ಮುಚ್ಚುವಂತೆ ಹಾಕಿಕೊಂಡು, ಹಿಂಬಾಗಿಲಿನಿಂದ ಮೇಲಿನ ಸಾಲಿಗೆ ಹತ್ತಿದಳು. ಬ್ಯಾಂಡಿನವರ ಹಿಂದೆ ಒಂದೇ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಯಾರು? ರೂಥಾನ್! ಹತ್ತಿರದಿಂದ ನೋಡುವ ಧೈರ್ಯವಿಲ್ಲದೆ ತಾಯಿ ಮೇಲೆ ಬಂದು ಕೂತಿದ್ದಳು.

"ಆ ಮುಂದಿನ ಸಾಲಿನವರು ಎದ್ದು ಹೋದ್ರು, ನೋಡಿದ್ರಾ?" ಎಂದಳು ರೂಥಾನ್, ಇವಳು ಯಾರೆಂದು ಅರಿಯದೆ. "ಪೀಡೆ ತೊಲಗ್ತು. ಅವರಿಗೆ ದೂರದಿಂದ ಎಸೆಯೋರೇ ಬೇಕಂತೆ. ಯಾರೋ ಹೇಳಿದ್ರು ಅಂತ ಇಡೀ ಚಳಿಗಾಲ ನನ್ನ ಮಗ ಅದನ್ನೇ ಹಿಡ್ಕೊಂಡು ಕೂತ. ಅವನ ಕೈಗೆ ಬರೋ ವಿದ್ಯೆ ಅಲ್ಲ ಕಣ್ರೀ ಅದು."

ಡಾರ್ಲಾ ಹೂಂ ಎಂದಳು. ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ, ಆದರೆ ಇಷ್ಟು ಸರಿಯಾಗಿ ಬೈದವರು ಕಡಿಮೆ.

ಮೊದಲ ಕೆಲವು ನಿಮಿಷ ಎಮರಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಡಾರ್ಲಾ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಹುಡುಗನನ್ನು ನಾನೇ ಮುರಿದುಬಿಟ್ಟೆನೇ? ಅಷ್ಟರಲ್ಲಿ ಎದುರಾಳಿಯೊಬ್ಬ ಹಾರ್ಲನ್ ತಂಡದ ಕುಳ್ಳ ಹುಡುಗನನ್ನು ಡಿಕ್ಕಿ ಹೊಡೆದು ಕೆಡವಿದ. ಎಮರಿ ಓಡಿಹೋಗಿ ಅವನನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿ, ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಸಲ ಆ ಕುಳ್ಳ ಚೆಂಡು ಹಿಡಿದು ಬಂದಾಗ ಎಮರಿ ಅವನ ಬೆನ್ನಟ್ಟಿದವನಿಗೆ ಗೋಡೆಯಂತೆ ಅಡ್ಡ ನಿಂತ. ಎದುರಾಳಿ ಆ ಎದೆಗೆ ಬಡಿದು ಅಲ್ಲೇ ನಿಂತ, ಕುಳ್ಳನಿಗೆ ರಾಜಬೀದಿಯೇ ತೆರೆಯಿತು.

ಅಲ್ಲಿಂದ ಮುಂದೆ ನೋಡಬೇಕಿತ್ತು! ಎದುರಾಳಿಗಳು ನುಗ್ಗಿದಾಗ ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುತ್ತಿದ್ದವನು ಅವನೇ. ಗುರಿ ತಪ್ಪಿ ಬಂದ ಚೆಂಡನ್ನೆಲ್ಲ ಕಿತ್ತುಕೊಂಡು ಜೊತೆಯವರಿಗೆ ಎಸೆದವನೂ ಅವನೇ. ಎಲ್ಲರೂ ಚೆಂಡನ್ನು ನೋಡಿ ಕಿರುಚಿದರು, ಡಾರ್ಲಾ ಅವನೊಬ್ಬನನ್ನೇ ನೋಡಿದಳು. ಹಾರ್ಲನ್ ಗೆದ್ದಿತು. ಪಕ್ಕದವಳು ಅಪ್ಪಿಕೊಂಡಾಗ ಡಾರ್ಲಾಳೂ ಬಿಗಿಯಾಗಿ ಅಪ್ಪಿಕೊಂಡಳು, ಅವಳಿಗೆ ನಿಜಕ್ಕೂ ಖುಷಿಯಾಗಿತ್ತು.

ಮೆಟ್ಟಿಲ ಬಳಿಗೆ ಬಂದು ಗ್ರೇಡಿಗೆ ಫೋನ್ ಮಾಡಿದಳು. ಆ ಜಾಗ ಎಮರಿಗೆ ಎಂದಳು.

"ಎರಡನೇ ಅರ್ಧದಲ್ಲಿ ಅವನು ಮಾಡಿದ್ದು ಎರಡೇ ಎರಡು ಪಾಯಿಂಟು, ಡಾರ್ಲಾ."

"ಎಸೆಯೋರು ನಿನ್ನ ಹತ್ರ ಬೇಕಾದಷ್ಟಿದ್ದಾರೆ. ಅವರಿಗೆ ಜಾಗ ಮಾಡಿಕೊಡೋನು ಒಬ್ಬನಾದ್ರೂ ಇದ್ದಾನಾ? ಹೇಳು. ಈ ವರ್ಷ ಅಷ್ಟು ಸೋತ್ರಲ್ಲ, ಎಸೆಯೋಕೆ ಬರದೇ ಸೋತ್ರಾ?"

ಆ ಕಡೆ ಗ್ರೇಡಿ ಕಾಗದ ತಿರುವಿದ ಸದ್ದಾಯಿತು. ಆಮೇಲೆ ಕರೆಸೋಣ ಎಂದ.

ಕೆಳಗಿನ ಮೊಗಸಾಲೆಯಲ್ಲಿ ಎಮರಿ ತಾಯಿಯನ್ನು ಹುಡುಕಿಕೊಂಡು ಬಂದ. ಅವಳ ಪಕ್ಕ ಉಣ್ಣೆ ಟೋಪಿ ಹಾಕಿಕೊಂಡು ನಿಂತಿದ್ದವಳನ್ನು ಕಂಡು ಹೆಜ್ಜೆ ತಡೆದ.

"ನೀವು ಹೊರಟು ಹೋದ್ರಲ್ಲ, ಮ್ಯಾಮ್?"

"ಹೋಗ್ಲಿಲ್ಲ. ಮೇಲೆ ಬಂದು ಕೂತೆ," ಎಂದಳು ಡಾರ್ಲಾ. ತಾನು ಯಾರೆಂದು ರೂಥಾನ್‌ಗೂ ಹೇಳಿದಳು. ರೂಥಾನ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಹುಡುಗನ ಮುಖ ಇನ್ನೂ ಸಪ್ಪಗಾಯಿತು. "ಹಾಗಾದ್ರೆ ಎರಡನೇ ಅರ್ಧ ಪೂರ್ತಿ ನೋಡಿದ್ರಾ? ಕ್ಷಮಿಸಿ. ನೀವು ಹೋದ್ಮೇಲೆ ನಂದಂತೂ ಮುಗೀತು ಅನ್ಕೊಂಡೆ. ಇವರ ಜೊತೆ ಕೊನೇ ಆಟ, ಇವರಾದ್ರೂ ಗೆಲ್ಲಲಿ ಅಂತ ನನ್ನ ಆಟ ಬಿಟ್ಟುಬಿಟ್ಟೆ."

ಡಾರ್ಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಅದೇ ಕಣಪ್ಪಾ ನಿನ್ನ ಆಟ," ಎಂದಳು. "ಮೇ ತಿಂಗಳಲ್ಲಿ ನಮ್ಮಲ್ಲಿಗೆ ಪರೀಕ್ಷೆಗೆ ಬರ್ತೀಯ. ದೊಡ್ಡವರೆಲ್ಲ ನಿನ್ನ ಎದುರಿಗೇ ಕೂತಿರ್ತಾರೆ. ಅವರೆಲ್ಲ ಎದ್ದು ಹೋದ್ರು ಅಂದ್ಕೊಂಡು ಆಡು."