ಭೋಗ್ಯಕ್ಕೆ ಕೊಟ್ಟ ಮನೆ

ಬೀಗ ಹಾಕಲು ಬಂದವರು ಗಲಾಟೆ ಮಾಡಲಿಲ್ಲ. ಫೈನಾನ್ಸ್ ಕಂಪನಿಯ ಇಬ್ಬರು, ಪೊಲೀಸರಿಬ್ಬರು, ಕೋರ್ಟು ನೇಮಿಸಿದ ವಕೀಲರೊಬ್ಬರು, ನಡೆಯುವುದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುವವನೊಬ್ಬ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದರು. ಅಂಬರೀನ್ ಯಾರದೋ ರವಿಕೆಗೆ ಹುಕ್ಸ್ ಹಾಕುತ್ತಾ ಕೂತಿದ್ದಳು.

"ಮನೆ ಓನರ್ ಎಲ್ಲಮ್ಮಾ?"

"ಮೇಲ್ಗಡೆ ಶಾಂಭವಕ್ಕನಾ? ಅಜ್ಜಂಪುರಕ್ಕೆ ಹೋಗವ್ರೆ ಸಾರ್. ಅವರಕ್ಕನ ಮನೇಲಿ ಏನೋ ಫಂಕ್ಷನ್ನಂತೆ. ನಾಳೆ ನಾಡಿದ್ದು ಬತ್ತಾರೆ."

ಕಂಪನಿಯವರು ಪರಸ್ಪರ ಮುಖ ನೋಡಿಕೊಂಡರು. "ಅವರು ಬರಲ್ಲ ಬಿಡಿ. ನಿಮ್ಮ ಸಾಮಾನು ಹೊರಗಡೆ ಇಟ್ಕೊಳ್ಳಿ. ಮಧ್ಯಾಹ್ನದೊಳಗೆ ಬೀಗ ಹಾಕಿ ಸೀಲ್ ಮಾಡ್ಬೇಕು."

ಅವಳಿಗೆ ಅರ್ಥವಾಗಲಿಲ್ಲ. "ನಾವು ಬಾಡಿಗೆಗಿಲ್ಲ ಸಾರ್, ಭೋಗ್ಯಕ್ಕಿದೀವಿ. ದುಡ್ಡು ಪೂರ್ತಿ ಕೊಟ್ಟಾಗಿದೆ."

"ಯಾರಿಗೆ ಕೊಟ್ರಿ?"

"ಶಾಂಭವಕ್ಕಂಗೆ."

"ಹಂಗಾದ್ರೆ ಅವರನ್ನೇ ಕೇಳ್ಬೇಕಮ್ಮ."

ತರೀಕೆರೆಯ ಹೊರಗಿನ ಆ ಬಡಾವಣೆಯಲ್ಲಿ ಇದ್ದವರು ಬಹುಪಾಲು ಗಾರ್ಮೆಂಟ್ಸ್ ಕೆಲಸದವರು. ಕಡೂರು ರಸ್ತೆಯ ಫ್ಯಾಕ್ಟರಿ ಜೋರಾಗಿ ನಡೆಯುತ್ತಿದ್ದಾಗ, ಸಂಬಳದ ಚೀಟಿ ತೋರಿಸಿದರೆ ಸಾಕು, ಫೈನಾನ್ಸ್ ಕಂಪನಿಯವರು ಮನೆಬಾಗಿಲಿಗೇ ಬಂದು ಸಾಲ ಕೊಡುತ್ತಿದ್ದರು. ಒಬ್ಬರನ್ನು ನೋಡಿ ಒಬ್ಬರು ಮನೆ ಕಟ್ಟಿದರು. ಹೊಲಿಗೆ ಲೈನಿನ ಸೂಪರ್‌ವೈಸರ್ ಆಗಿದ್ದ ಶಾಂಭವಿ ಮತ್ತು ಅವಳ ಗಂಡ, ಅದೇ ಫ್ಯಾಕ್ಟರಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ ಕಾಂತರಾಜ್, ಒಂದರ ಮೇಲೊಂದು ಎರಡು ಮನೆ ಕಟ್ಟಿದರು. ಆಮೇಲೆ ಒಂದು ಸೋಮವಾರ ಎಲ್ಲರೂ ಎಂದಿನಂತೆ ಊಟದ ಡಬ್ಬಿ ಹಿಡಿದು ಹೋದಾಗ ಗೇಟು ಮುಚ್ಚಿತ್ತು. ಆರ್ಡರ್ ಇಲ್ಲ ಎಂದರು. ಮಷೀನುಗಳನ್ನು ಲಾರಿಗೆ ಹೇರಿಕೊಂಡು ಬೇರೆ ರಾಜ್ಯಕ್ಕೆ ಹೋದರು.

ಆರು ತಿಂಗಳಾಗುವಷ್ಟರಲ್ಲಿ ಬಡಾವಣೆಯ ಗೋಡೆಗಳ ಮೇಲೆ ಕೆಂಪು ಅಕ್ಷರಗಳು ಬಂದವು. 'ಈ ಆಸ್ತಿ ಅಡಮಾನದಲ್ಲಿದೆ, ಯಾರೂ ವ್ಯವಹರಿಸಬಾರದು' ಎಂದು ಕಂಪನಿಯವರೇ ಬಣ್ಣದಲ್ಲಿ ಬರೆಸಿದ್ದು. ಮೊದಲು ಮೂಲೆಯ ಮನೆ, ಆಮೇಲೆ ನೀರಿನ ಟ್ಯಾಂಕಿನ ಪಕ್ಕದ್ದು, ಆಮೇಲೆ ಸಾಲುಸಾಲಾಗಿ. ಬೀಗ ಬಿದ್ದವರು ಊರಿಗೋ ನೆಂಟರ ಮನೆಗೋ ಹೋಗುತ್ತಿದ್ದರು. ಮಕ್ಕಳ ಟಿ.ಸಿ. ತೆಗೆಸಲು ಸ್ಕೂಲಿನಲ್ಲಿ ಕ್ಯೂ ನಿಲ್ಲಬೇಕಾಗಿತ್ತು.

ಅಂಬರೀನ್ ಅದೇ ಫ್ಯಾಕ್ಟರಿಯಲ್ಲಿ ಶಾಂಭವಿಯ ಕೈಕೆಳಗೆ ಹೊಲಿಗೆಯವಳಾಗಿದ್ದಳು. ಗಂಡ ಬಿಲಾಲ್ ಲಗೇಜ್ ಆಟೊ ಓಡಿಸುತ್ತಿದ್ದ. ಅತ್ತೆ ರಹಮತ್ ಬಿಯೂ ಜೊತೆಗಿದ್ದಳು. ಕೆಲಸ ಹೋದ ಮೇಲೆ ಪೇಟೆಯ ಬಾಡಿಗೆ ಮನೆ ಭಾರವಾಗುತ್ತಿರುವಾಗ, ಸಂತೆಯಲ್ಲಿ ಸಿಕ್ಕಿದ ಶಾಂಭವಿ ತಾನಾಗಿಯೇ ಹೇಳಿದ್ದಳು: "ಬಾಡಿಗೆ ಕಟ್ಟಿ ಯಾಕೆ ಸಾಯ್ತೀಯ? ನಮ್ಮ ಕೆಳಮನೆ ಭೋಗ್ಯಕ್ಕೆ ತಗೋ. ಐದು ಲಕ್ಷ ಕೊಡು, ಮೂರು ವರ್ಷ ಇರು. ಬಿಡುವಾಗ ಅಷ್ಟೂ ದುಡ್ಡು ಎಣಿಸಿ ಕೈಲಿಡ್ತೀನಿ. ಹೊರಗಿನೋರಿಗೆ ಕೊಡೋದಕ್ಕಿಂತ ನಿಂಗೆ ಕೊಟ್ರೆ ನಂಗೂ ಸಮಾಧಾನ ಕಣೇ."

ದುಡ್ಡು ಮೂರು ಕಡೆಯಿಂದ ಬಂತು. ಅಂಬರೀನಳ ಪಿ.ಎಫ್., ಅವಳ ಒಡವೆ, ಮತ್ತೆ ಲಕ್ಕವಳ್ಳಿಯಲ್ಲಿ ರಹಮತ್ ಬಿಯ ಹೆಸರಿನಲ್ಲಿದ್ದ ಪುಟ್ಟ ಸೈಟು. ಆಕೆಯ ಗಂಡ ಡ್ಯಾಮಿನಲ್ಲಿ ಕೆಲಸ ಮಾಡುತ್ತಿದ್ದಾಗ ತೆಗೆದದ್ದು. ಅದನ್ನು ಮಾರುವಾಗ ಮುದುಕಿ ಎರಡು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮನೆಗೆ ಬಂದರು. ಹೊರಗೋಡೆಗೆ ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದರು. "ಎಷ್ಟು ಚೆನ್ನಾಗಿ ಕಾಣ್ತದಕ್ಕ" ಎಂದು ಅಂಬರೀನ್ ಹೇಳಿದಾಗ ಶಾಂಭವಿ, "ನೀನು ಬತ್ತೀಯ ಅಂತಾನೇ ಹೊಡೆಸ್ದೆ" ಎಂದು ನಕ್ಕಿದ್ದಳು.

ಈಗ ಬಿಲಾಲ್ ಆಟೊ ತಂದು ಬಾಗಿಲಿಗೆ ನಿಲ್ಲಿಸಿ, ಮಂಚ ಬಿಚ್ಚುತ್ತಿದ್ದ. ರಹಮತ್ ಬಿಯನ್ನು ಬೀದಿಯಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಬಿಸಿಲು ಏರುತ್ತಿತ್ತು. ಎದುರುಮನೆಯವರು ಕಿಟಕಿಯಿಂದ ನೋಡಿದರೇ ಹೊರತು ಹೊರಗೆ ಬರಲಿಲ್ಲ. ಅವರ ಗೋಡೆಯ ಮೇಲೂ ಕೆಂಪು ಅಕ್ಷರವಿತ್ತು.

ಕಂಪನಿಯವರಲ್ಲಿ ವಯಸ್ಸಾದವನು ಗ್ಯಾಸ್ ಸಿಲಿಂಡರ್ ಎತ್ತಲು ಕೈ ಕೊಟ್ಟ. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಕೇಳಿದ, "ನಿಜವಾಗ್ಲೂ ನಿಮಗೆ ಗೊತ್ತಿರ್ಲಿಲ್ವಾ? ಈ ಗೋಡೆ ಮೇಲೆ ಬರೆಸಿ, ನೋಟಿಸ್ ಅಂಟಿಸಿದ್ದು ಗಣಪತಿ ಹಬ್ಬಕ್ಕೆ ಮುಂಚೆ. ನಾನೇ ಬಂದಿದ್ದೆ. ನೀವು ಯಾವಾಗ ಬಂದ್ರಿ ಈ ಮನೆಗೆ?"

ಅಂಬರೀನ್ ಗೋಡೆಯ ಹತ್ತಿರ ಹೋಗಿ ನೋಡಿದಳು. ಹಸಿರು ಬಣ್ಣದ ಅಡಿಯಲ್ಲಿ ಅಕ್ಷರಗಳ ಗುರುತು ತೆಳ್ಳಗೆ ಕಾಣುತ್ತಿತ್ತು. ದಿನಾ ಅಲ್ಲೇ ಬಟ್ಟೆ ಒಣಹಾಕುತ್ತಿದ್ದಳು.

ಕಡೂರಿನಲ್ಲಿ ಬಿಲಾಲನ ಸೋದರಮಾವನ ಮನೆಯ ಹಿಂದೆ ತಗಡು ಹಾಕಿದ ಒಂದು ಕೋಣೆಯಿತ್ತು. ಅಲ್ಲಿಗೆ ಹೋದರು. ಸಾಮಾನು ಅರ್ಧ ಒಳಗೆ, ಅರ್ಧ ಟಾರ್ಪಾಲಿನ ಕೆಳಗೆ. ಶಾಂಭವಿಯ ಫೋನು ಸ್ವಿಚ್ ಆಫ್. ಒಂದು ವಾರ ಅಲೆದ ಮೇಲೆ ತರೀಕೆರೆಯಲ್ಲಿ ಷಡಕ್ಷರಿ ಎಂಬ ವಕೀಲರ ಬಳಿ ಗಂಡಹೆಂಡತಿ ಹೋದರು.

ಷಡಕ್ಷರಿ ಭೋಗ್ಯದ ಪತ್ರವನ್ನು ನೋಡಿ ಮಡಚಿ ವಾಪಸ್ ಕೊಟ್ಟರು. "ರಿಜಿಸ್ಟರ್ ಮಾಡ್ಸಿಲ್ಲ."

"ಮಾಡ್ಸಿದ್ರೆ ಉಳೀತಿತ್ತಾ ಸಾರ್?" ಬಿಲಾಲ್ ಕೇಳಿದ.

"ಇಲ್ಲ ಕಣಪ್ಪ. ಅಡಮಾನ ಆದ್ಮೇಲೆ ಮಾಡ್ಕೊಂಡ ಭೋಗ್ಯಕ್ಕೆ ಕಂಪನಿ ಬಾಧ್ಯಸ್ಥ ಅಲ್ಲ. ಅವರ ಕಾಗದ ಎಲ್ಲ ಸರಿಯಾಗಿದೆ, ಅವರನ್ನ ಮುಟ್ಟಕ್ಕಾಗಲ್ಲ. ಮುಚ್ಚಿಟ್ಟು ದುಡ್ಡು ತಗೊಂಡವಳು ಆಕೆ. ಆಕೆ ಮೇಲೆ, ಗಂಡನ ಮೇಲೆ ವಂಚನೆ ಕೇಸ್ ಹಾಕ್ಬೋದು. ಕಾನೂನಿನ ಕೈಗೆ ಸಿಗೋರು ಅವರಿಬ್ಬರೇ."

"ಕೇಸ್ ಹಾಕಿದ್ರೆ ದುಡ್ಡು ಬತ್ತದಾ ಸಾರ್?"

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. "ಅವರ ಹತ್ರ ಇದ್ರೆ ಬತ್ತದೆ" ಎಂದರು.

ಅಂಬರೀನ್ ಮೊದಲು ಒಂದು ಸಲ ಮುಖಾಮುಖಿ ಕೇಳುತ್ತೇನೆಂದು ಹಟ ಹಿಡಿದಳು. ಇಬ್ಬರೂ ಆಟೊದಲ್ಲಿ ಅಜ್ಜಂಪುರಕ್ಕೆ ಹೋದರು. ಅಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಂತರಾಜ್ ಜಗುಲಿಯ ಮೇಲೆ ಲುಂಗಿಯಲ್ಲಿ ಕೂತಿದ್ದ. ಇವರನ್ನು ಕಂಡವನು ಎದ್ದು ನಿಂತ. ಬೈಗುಳವನ್ನು ನಿರೀಕ್ಷಿಸುವವನ ಹಾಗೆ ತಲೆ ತಗ್ಗಿಸಿಕೊಂಡು, "ಅವಳು ಈರುಳ್ಳಿ ಮಂಡೀಗೆ ಹೋಗವ್ಳೆ" ಎಂದಷ್ಟೇ ಹೇಳಿದ. ಬಿಲಾಲ್ ಅವನ ಹತ್ತಿರವೇ ಉಳಿದ.

ಮಂಡಿಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಈರುಳ್ಳಿ ಆರಿಸುತ್ತಿದ್ದರು. ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಕೊಳೆತದ್ದು ಹಿಂದಕ್ಕೆ. ತಲೆಗೆ ಟವೆಲ್ ಕಟ್ಟಿಕೊಂಡಿದ್ದರಿಂದ ಮೊದಲು ಗುರುತು ಹತ್ತಲಿಲ್ಲ. ಶಾಂಭವಿಯೇ ಇವಳನ್ನು ನೋಡಿ ಕೈ ನಿಲ್ಲಿಸಿದಳು. ಫ್ಯಾಕ್ಟರಿಯಲ್ಲಿ ಐವತ್ತು ಮಷೀನಿನ ಸದ್ದಿನ ಮೇಲೆ ಕೇಳಿಸುವಂತೆ ಮಾತಾಡುತ್ತಿದ್ದವಳು ಈಗ ಪಿಸುಗುಟ್ಟಿದಳು:

"ಹೊರಗೆ ನಡಿಯೇ, ಬತ್ತೀನಿ."

"ಯಾಕೆ ಹೊರಗೆ? ಇಲ್ಲೇ ಹೇಳು. ಎಲ್ಲಾರೂ ಕೇಳ್ಲಿ. ಗೋಡೆ ಮೇಲಿನ ಅಕ್ಷರಕ್ಕೆ ಬಣ್ಣ ಬಳ್ದು ನನ್ನ ಒಳಕ್ಕೆ ಕರ್ಕೊಂಡ್ಯಲ್ಲ, ಯಾಕಕ್ಕ?"

"ನಿನ್ ದುಡ್ಡು ನಾನ್ ತಿಂದಿಲ್ಲ ಕಣೇ. ನನ್ ಮಕ್ಕಳಾಣೆಗೂ ತಿಂದಿಲ್ಲ. ಐದು ಲಕ್ಷ ಕಟ್ಟಿದ್ರೆ ಮನೆ ಉಳಿಸ್ಕೊಡ್ತೀವಿ ಅಂದ್ರು ಕಂಪನಿಯೋರು. ಹಂಗೇ ತಗೊಂಡೋಗಿ ಕಟ್ದೆ. ಬಡ್ಡಿಗೆ, ದಂಡಕ್ಕೆ ಅಂತ ಮುರ್ಕೊಂಡ್ಬಿಟ್ರು. ಅಸಲು ಹಂಗೇ ಉಳೀತು. ಮನೆ ಉಳಿದಿದ್ರೆ ನೀನೂ ಉಳೀತಿದ್ದೆ."

"ನಾನೇ ಬೇಕಾಗಿತ್ತಾ ನಿಂಗೆ?"

ಶಾಂಭವಿ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಅದು ಅಳುವೋ ಈರುಳ್ಳಿಯೋ ಹೇಳುವ ಹಾಗಿರಲಿಲ್ಲ. "ಇನ್ಯಾರು ಕೊಡ್ತಿದ್ರು? ಊರಿಗೆಲ್ಲ ಗೊತ್ತಿತ್ತು. ನನ್ ಮಾತು ನಂಬೋಳು ಅಂತ ಇದ್ದೋಳು ನೀನೊಬ್ಳೇ."

ಅಲ್ಲಿಯವರೆಗೆ ಅಂಬರೀನಳಲ್ಲಿ ಎಲ್ಲೋ ಒಂದು ಆಸೆಯಿತ್ತು. ಗೊತ್ತಾಗಲಿಲ್ಲ ಎನ್ನುತ್ತಾಳೆ, ಗಂಡ ಮಾಡಿದ್ದು ಎನ್ನುತ್ತಾಳೆ, ಏನಾದರೊಂದು ಸುಳ್ಳನ್ನಾದರೂ ಹೇಳುತ್ತಾಳೆ ಎಂದುಕೊಂಡಿದ್ದಳು. ಈ ನಿಜವನ್ನು ಅವಳು ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಕಳ್ಳಿ ಅಂದಳು. ನಿನ್ನ ಮಕ್ಕಳೂ ಬೀದಿಗೆ ಬೀಳಲಿ ಅಂದಳು. ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಮಂಡಿಯ ಮೇಸ್ತ್ರಿ ಬಂದು ಮಧ್ಯೆ ನಿಂತ.

"ಏನಮ್ಮಾ ಇದು ಸಂತೆ? ಸಾಲದೋರೆಲ್ಲ ಇಲ್ಲಿಗೆ ಬಂದ್ರೆ ನಮ್ ಕೆಲಸ ನಡೆಯೋದ್ಹೆಂಗೆ?" ಆಮೇಲೆ ಶಾಂಭವಿಯ ಕಡೆ ತಿರುಗಿ, "ನಾಳೆಯಿಂದ ಬರೋದು ಬೇಡ. ಇವತ್ತಿನ ಕೂಲಿ ಸಂಜೆ ಬಂದು ಇಸ್ಕೊಂಡೋಗು" ಎಂದ.

ಶಾಂಭವಿ ಟವೆಲ್ ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಅಂಬರೀನಳ ಪಕ್ಕದಲ್ಲೇ ಹಾದು ಹೋಗುವಾಗ ನಿಂತು, "ಈಗ ಸಮಾಧಾನ ಆಯ್ತಾ?" ಎಂದು ಕೇಳಿದಳು. ಕೋಪ ಇರಲಿಲ್ಲ ಅದರಲ್ಲಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು.

ಆಗಿರಲಿಲ್ಲ. ವಾಪಸ್ ಬರುವಾಗ ಅಂಬರೀನ್ ಆಟೊದ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಮುದುಡಿ ಕೂತು ದಾರಿಯುದ್ದಕ್ಕೂ ಅತ್ತಳು. ಬಿಲಾಲ್ ಹೇಳಿದ, "ಅವಳ ಕೈಲಿ ಏನೂ ಇಲ್ಲ ಕಣೇ. ನೋಡ್ದಲ್ಲ. ಕೇಸ್ ಹಾಕಿ ಏನ್ ಮಾಡೋದು?"

ರಾತ್ರಿ ಊಟದ ಹೊತ್ತಿಗೆ ಈ ಮಾತು ಕೇಳಿದ ರಹಮತ್ ಬಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಅವಳ ಕೈಲಿ ಇಲ್ಲದಿದ್ರೆ ಇಲ್ಲ. ನಂದು ಹೋಯ್ತು ಅಂತ ಎಲ್ಲಾದ್ರೂ ಒಂದು ಕಡೆ ಬರ್ಕೊಳ್ಳಬೇಕಲ್ಲ? ಹಂಗೇ ಬಿಟ್ರೆ ನಾವು ಕೊಟ್ಟೇ ಇಲ್ಲ ಅಂದಂಗೆ. ನಿಮ್ಮಪ್ಪ ಡ್ಯಾಮಿನ ಗೇಟಲ್ಲಿ ಮಳೇಲಿ ನೆಂದು ದುಡಿದಿದ್ದು ಅದು."

ಮಾರನೆಯ ದಿನ ಅಂಬರೀನ್ ಒಬ್ಬಳೇ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ದೂರಿಗೆ ಸಹಿ ಹಾಕಿದಳು. ಸ್ಟೇಷನ್ನಿನಲ್ಲಿ ಬರೆದುಕೊಳ್ಳುತ್ತಿದ್ದ ಪೇದೆ, "ಆರೋಪಿಗಳು ಯಾರ್ಯಾರು?" ಎಂದಾಗ, "ಫೈನಾನ್ಸ್ ಕಂಪನೀನೂ ಸೇರಿಸ್ಕೊಳ್ಳಿ ಸಾರ್. ದುಡ್ಡು ಹೋಗಿ ಬಿದ್ದಿರೋದು ಅವರ ಹತ್ರ" ಎಂದಳು. ಪೇದೆ ನಕ್ಕ. ಎರಡು ಹೆಸರು ಬರೆದುಕೊಂಡ.

ಕಾಂತರಾಜನನ್ನು ಅಜ್ಜಂಪುರದಿಂದ ಕರೆತಂದು ನಾಲ್ಕೈದು ದಿನ ಒಳಗಿಟ್ಟರು. ಶಾಂಭವಿ ಮಕ್ಕಳ ಕಾರಣ ಹೇಳಿ ನಿರೀಕ್ಷಣಾ ಜಾಮೀನು ಪಡೆದಳು. ಎರಡು ಜಾಮೀನಿಗೂ ಅವಳಕ್ಕ ಇದ್ದ ಒಂದು ಜೊತೆ ಬಳೆ ಮಾರಿದಳಂತೆ. ಅಂಬರೀನ್ ಅದನ್ನು ಕೇಳಿಸಿಕೊಂಡಳು, ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ. ಕಡೂರಿನಲ್ಲಿ ಅವಳಿಗೆ ಗಿರಾಕಿಗಳು ಕಡಿಮೆ. ಹಳೇ ಸೀರೆಗೆ ಫಾಲ್ಸ್, ಸ್ಕೂಲ್ ಯೂನಿಫಾರ್ಮಿನ ಅಂಚು, ಇಂಥ ಚಿಲ್ಲರೆ ಕೆಲಸವೇ ಹೆಚ್ಚು.

ಕೇಸು ಶುರುವಾಯಿತು. ಎರಡು ತಿಂಗಳಿಗೊಮ್ಮೆ ತಾರೀಖು. ಮೊದಲ ಸಲ ಶಾಂಭವಿ ಗಂಡನ ಜೊತೆ ಕೋರ್ಟಿನ ವರಾಂಡದ ಆ ತುದಿಯಲ್ಲಿ ನಿಂತಳು, ಅಂಬರೀನ್ ಈ ತುದಿಯಲ್ಲಿ. ಸುತ್ತ ನಿಂತವರಲ್ಲಿ ಎಷ್ಟೋ ಗುರುತಿನ ಮುಖಗಳು. ಕಟಿಂಗ್ ಸೆಕ್ಷನ್ನಿನ ಭೈರೇಶ್ ತನ್ನ ಸಾಲಕ್ಕೆ ಜಾಮೀನು ಹಾಕಿದ ಭಾವಮೈದುನನ ಎದುರು ಕೋರ್ಟಿಗೆ ಬಿದ್ದಿದ್ದ. ಇಸ್ತ್ರಿ ಮಾಡುತ್ತಿದ್ದ ಹುಲಿಯಮ್ಮ ಮನೆಗಾಗಿ ತನಗೆ ಕೈಸಾಲ ಕೊಟ್ಟ ಪಕ್ಕದ ಮನೆಯವಳು ಹಾಕಿದ ಚೆಕ್ ಬೌನ್ಸ್ ಕೇಸಿಗೆ ಬಂದಿದ್ದಳು. ಫ್ಯಾಕ್ಟರಿಯ ಅರ್ಧ ಜನ ಇಲ್ಲೇ ಇದ್ದಾರೆ ಎಂದು ಅಂಬರೀನಳಿಗೆ ಅನಿಸಿತು, ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು. ಕಂಪನಿಯ ಕಡೆಯವರು ಒಬ್ಬರೂ ಅಲ್ಲಿರಲಿಲ್ಲ. ಅವರ ಕೆಲಸ ಮುಗಿದಿತ್ತು.

ಕೇಸಿನ ನಾಲ್ಕನೆಯ ತಾರೀಖಿನ ದಿನ ಜೋರು ಮಳೆ. ವರಾಂಡದಲ್ಲಿ ನೀರು ಹೊಡೆಯದ ಬೆಂಚು ಒಂದೇ ಇತ್ತು. ಇಬ್ಬರೂ ಅದರಲ್ಲೇ ಕೂರಬೇಕಾಯಿತು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಜ್ವರ ಅಂತ ಕಾಂತರಾಜ್ ಬಂದಿರಲಿಲ್ಲ. ಶಾಂಭವಿ ಸೊರಗಿದ್ದಳು. ಎದುರಿನ ಮಳೆಯನ್ನೇ ನೋಡುತ್ತಾ ಹೇಳಿದಳು:

"ಮನೆ ಹರಾಜಾಯ್ತಂತೆ. ಕಂಪ್ಯೂಟರಲ್ಲೇ ಕೂಗಿದ್ರಂತೆ. ಯಾರು ತಗೊಂಡ್ರು ಅಂತಾನೂ ಗೊತ್ತಿಲ್ಲ. ಬಂದಿದ್ದು ಸಾಲಕ್ಕೆ ಸಾಲಲಿಲ್ವಂತೆ. ಮಿಕ್ಕಿದ್ದು ಕಟ್ಟು ಅಂತ ಮತ್ತೆ ನೋಟಿಸ್ ಕಳ್ಸವ್ರೆ."

ಅಂಬರೀನ್ ಅವಳ ಕಡೆ ತಿರುಗಲಿಲ್ಲ. ಮನಸ್ಸಿನಲ್ಲಿ ಏನೋ ಎದ್ದಿತ್ತು. ಅದು ಅನುಕಂಪವಾಗಿದ್ದರೆ ತನಗೇ ನಾಚಿಕೆ, ಸಂತೋಷವಾಗಿದ್ದರೂ ನಾಚಿಕೆ.

ಅಟೆಂಡರ್ ಇಬ್ಬರ ಹೆಸರನ್ನೂ ಒಟ್ಟಿಗೆ ಕೂಗಿದ. ಇಬ್ಬರೂ ಎದ್ದು ಒಳಗೆ ಹೋದರು. ಸಾಕ್ಷಿ ಹೇಳಬೇಕಾದ ಇನ್ಸ್‌ಪೆಕ್ಟರು ಬಂದೋಬಸ್ತಿಗೆ ಹೋಗಿದ್ದರು. ತಾರೀಖು ಮುಂದಕ್ಕೆ ಹೋಯಿತು. ಹೊರಗೆ ಬಂದು ಒಬ್ಬಳು ಅಜ್ಜಂಪುರದ ಬಸ್ಸಿಗೆ, ಒಬ್ಬಳು ಕಡೂರಿನ ಬಸ್ಸಿಗೆ ನಡೆದರು.

ಬಸ್ಸು ಊರು ದಾಟುವಾಗ ಬಿಲಾಲ್ ಫೋನ್ ಮಾಡಿದ.

"ಏನಾಯ್ತು?"

"ಮುಂದಕ್ಕೆ ಹಾಕಿದ್ರು."

"ಅವಳು ಬಂದಿದ್ಲಾ?"

"ಬಂದಿದ್ಲು."

"ಏನಾದ್ರೂ ಅಂದ್ಲಾ?"

ಒದ್ದೆ ಗಾಜಿನ ಆಚೆ ಬಡಾವಣೆಯ ಮನೆಗಳು ಹಾದುಹೋಗುತ್ತಿದ್ದವು. ಅಂಬರೀನ್ ಮುಖವನ್ನು ಈ ಕಡೆ ತಿರುಗಿಸಿಕೊಂಡಳು.

"ಏನೂ ಅನ್ಲಿಲ್ಲ" ಎಂದಳು.