ದಾರಿ ಕೇಳದ ವ್ರತ

ಇದ್ದಿಲು ಸುಡಲು ಸೌದೆ ಒಟ್ಟಿ ಮಣ್ಣು ಮೆತ್ತಿದ್ದ ಗೂಡಿನ ಬೆನ್ನು ಬಿರಿದು ಒಳಗಿನ ಕೆಂಡ ಕಾಣಿಸಿದಾಗ ಅವೆಲಿನ್‌ಳ ಕೈ ಸಲಿಕೆಗೆ ಹೋಯಿತು. ಗಾಳಿ ಒಳಹೊಕ್ಕರೆ ಎರಡು ತಿಂಗಳು ಕಡಿದ ಸೌದೆಯೆಲ್ಲ ಸಂಜೆಯೊಳಗೆ ಬೂದಿ. ಕೈಗೆ ಬಂದ ತುತ್ತು ಬಾಯಿಗಿಲ್ಲ; ಚಳಿಗಾಲಕ್ಕೆ ರೊಟ್ಟಿಯೂ ಇಲ್ಲ. ಗಂಡ ರಿವಾಲ್ ಕಾಲು ಮುರಿದುಕೊಂಡು ಗುಡಿಸಲಿನಲ್ಲಿ ಮಲಗಿದ್ದ. ಅಲ್ಲಿಂದಲೇ ಬುದ್ಧಿವಾದ ಹೇಳುತ್ತಿದ್ದ.

ಅಷ್ಟರಲ್ಲಿ ಪೊದೆ ಸರಿಸಿಕೊಂಡು ಒಂದು ಕುದುರೆ ಬಂತು. ಮೇಲೆ ಕೋಟೆಯ ಧಣಿಯ ಮಗ ಜೊಸ್ಲಿನ್. ಮೈಮೇಲೆ ಹೊಸ ಕವಚ, ಲಗಾಮು ಮಾತ್ರ ಕುದುರೆಯ ಕೊರಳ ಮೇಲೆ ಸಡಿಲ. ಈ ವಸಂತದಲ್ಲಿ ಹೀಗೆ ಬಂದವರಲ್ಲಿ ಇವನು ಮೂರನೆಯವನು. ಕೋಟೆಯ ಹಾಡುಗಾರರ ಕಥೆಗಳೇ ಹಾಗೆ: ವೀರನಾಗುವವನು ಒಬ್ಬನೇ ಕಾಡು ಹೊಗಬೇಕು, ಕುದುರೆ ನಡೆದದ್ದೇ ದಾರಿ, ಕಳೆದುಹೋದವನಿಗೇ ತಾನು ಯಾರೆಂದು ತಿಳಿಯುವುದು. ಕುದುರೆಗಳಿಗೆ ತಿಳಿದದ್ದು ಬೇರೆ. ಅವೆಲಿನ್ ತನ್ನ ಕತ್ತೆಗೆ ಓಟ್ಸ್ ಎಲ್ಲಿ ಹಾಕುತ್ತಾಳೆಂದು ಅವಕ್ಕೆ ಗೊತ್ತಿತ್ತು.

"ದಾರಿ ತಪ್ತಾ, ಚಿಕ್ಕ ಧಣಿ?"

"ತಪ್ಪಿದ್ದಲ್ಲಮ್ಮ, ಬೇಕಂತಲೇ ತಪ್ಪಿಸ್ಕೊಂಡಿದ್ದು. ಮೂರು ದಿನ ಆಯ್ತು. ಇಲ್ಲೇನಾದ್ರೂ ಆಪತ್ತಿದೆಯಾ?"

"ಕಣ್ಣೆದುರಿಗೇ ಇದೆಯಲ್ಲ. ಇಳೀರಿ, ಆ ಹಸಿಮಣ್ಣು ಹೊತ್ತು ತನ್ನಿ."

"ಮಣ್ಣಾ?"

"ಮತ್ತೆ, ಕತ್ತೀಲಿ ಬಿರುಕು ಮುಚ್ತೀರಾ?"

ಅವನು ಕುದುರೆಯಿಂದಿಳಿದ. ಆಮೇಲೆ ಶಿರಸ್ತ್ರಾಣ ಕಳಚಿ ಅದರಲ್ಲೇ ಮಣ್ಣು ತುಂಬಿದ. ಹೊತ್ತು ತಂದು ಸುರಿದ, ಮತ್ತೆ ಓಡಿದ. "ಗಾಳಿ ಕಡೆಯಿಂದ ಮೆತ್ರೋ," ಎಂದು ಒಳಗಿನಿಂದ ರಿವಾಲ್ ಕೂಗುತ್ತಲೇ ಇದ್ದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಂಪು ಮರೆಯಾಗಿ ಬಿಳಿ ಹೊಗೆ ಸಣ್ಣಗೆ ಏಳತೊಡಗಿತು. ಅವೆಲಿನ್ ನೆಲದ ಮೇಲೆ ಕುಸಿದು ಕೂತಳು. ಬದುಕಿದೆವು ಎಂದುಕೊಂಡಾಗ ಅಳುವೂ ನಗುವೂ ಒಟ್ಟಿಗೇ ಬಂದವು.

ಜೊಸ್ಲಿನ್ ಎರಡು ಬಟ್ಟಲು ಎಲೆಕೋಸಿನ ಗಂಜಿ ಕುಡಿದ. ಮುಖ ಇದ್ದಿಲಾಗಿತ್ತು.

"ಮನೆಗೆ ಹೋಗ್ಬೇಕು ಅನ್ಸುತ್ತೆ," ಎಂದ ಮೆಲ್ಲಗೆ. "ಆದ್ರೆ ಯಾರನ್ನೂ ದಾರಿ ಕೇಳಲ್ಲ ಅಂತ ವ್ರತ. ಕುದುರೆ ನೋಡಿದ್ರೆ ಇಲ್ಲಿಂದ ಕದಲ್ತಿಲ್ಲ."

ಅವೆಲಿನ್ ಹಿಂದಿನ ಸುಡುವಿಕೆಯ ಎರಡು ಮೂಟೆ ಇದ್ದಿಲನ್ನು ಕತ್ತೆಯ ಮೇಲೆ ಹೇರಿದಳು. ವಾರವಾರವೂ ಅದು ತಾನೊಂದೇ ಕೋಟೆಯ ಕಮ್ಮಾರನಲ್ಲಿಗೆ ಹೋಗಿ ಬರುತ್ತಿತ್ತು.

"ನೀವು ಕೇಳ್ಬೇಡಿ, ನಾನೂ ಹೇಳಲ್ಲ. ಕತ್ತೆ ಹಿಂದೆ ಹೋಗ್ಬಾರ್ದು ಅಂತ ಕಥೇಲಿದೆಯಾ?"

ಅವನು ಗಂಭೀರವಾಗಿ ಯೋಚಿಸಿದ. "ಕತ್ತೆ ವಿಷಯ ಏನೂ ಇಲ್ಲಮ್ಮ."

ಕತ್ತೆ ಮುಂದೆ, ಕುದುರೆಯನ್ನು ಲಗಾಮು ಹಿಡಿದು ಎಳೆಯುತ್ತ ಅವನು ಹಿಂದೆ, ಮರಗಳ ನಡುವೆ ಮರೆಯಾದರು.

ಮರುದಿನ ಬೆಳಿಗ್ಗೆ ಕತ್ತೆ ಮರಳಿತು. ಖಾಲಿ ಮೂಟೆಗಳ ನಡುವೆ ಶಿರಸ್ತ್ರಾಣ ಕಟ್ಟಿತ್ತು. ಅದರ ಸಂದಿಗಳಲ್ಲಿ ನಿನ್ನೆಯ ಮಣ್ಣು ಹಾಗೇ ಒಣಗಿತ್ತು. ಒಳಗೆ, ಅಂಚಿನವರೆಗೂ, ಓಟ್ಸ್.