ಹಲ್ಲಿನ ವ್ರತ

ಹೆಣ್ಣಿನ ಕಡೆಯವರಿಗೆ ಗಂಡು ಒಪ್ಪಿಗೆಯಾಗದಿದ್ದರೆ ಒಪ್ಪಿಗೆಯಾಗಲಿಲ್ಲ ಅಂತ ಹೇಳುವುದು ನಮ್ಮ ಹರಿಹರ, ದಾವಣಗೆರೆ ಕಡೆ ರೂಢಿಯಲ್ಲಿಲ್ಲ. ಹುಡುಗಿಗೆ ಈ ವರ್ಷ ಗುರುಬಲ ಇಲ್ಲ ಅನ್ನುತ್ತಾರೆ. ಗುರುಬಲ ಇಲ್ಲದ ಅದೇ ಹುಡುಗಿಗೆ ಮುಂದಿನ ತಿಂಗಳು ಬೇರೆ ಕಡೆ ಮದುವೆಯಾದರೂ ಯಾರೂ ಜಗಳಕ್ಕೆ ಹೋಗುವುದಿಲ್ಲ. ಕಾರಣ ಹೇಳುವುದು ಮರ್ಯಾದೆಯಲ್ಲ, ಕೇಳುವುದಂತೂ ಅಲ್ಲವೇ ಅಲ್ಲ. ಆದ್ದರಿಂದ ಕಾರಣವನ್ನು ಗಂಡಿನ ಕಡೆಯವರೇ ಮನೆಯಲ್ಲಿ ಕೂತು ತಯಾರು ಮಾಡಿಕೊಳ್ಳಬೇಕು.

ಎಂಬತ್ತಾರನೇ ಇಸವಿಯಲ್ಲಿ ಈ ಕೆಲಸ ಬಟ್ಟೆ ಅಂಗಡಿ ವಾಮದೇವಪ್ಪನವರ ಮನೆಗೆ ಬಂತು. ಹರಿಹರದ ಬಸ್ ಸ್ಟ್ಯಾಂಡಿನ ಎದುರಿಗೇ ಅವರ ಅಂಗಡಿ. ಒಬ್ಬನೇ ಮಗ ಕರಿಬಸವರಾಜ. ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ ಹೋಗಿ ನಿರ್ಮಲ ಅನ್ನುವ ಹುಡುಗಿಯನ್ನು ನೋಡಿಕೊಂಡು ಬಂದಿದ್ದ. ಹುಡುಗಿ ಕಡರನಾಯಕನಹಳ್ಳಿಯ ಶಾಲೆಯಲ್ಲಿ ಟೀಚರು. ಮಾಡಿಕೊಂಡರೆ ಇವಳನ್ನೇ, ಇಲ್ಲದಿದ್ದರೆ ಮದುವೆಯ ಮಾತೇ ಎತ್ತಬೇಡಿ ಅಂತ ಅವನು ಬಸ್ಸಿನಲ್ಲೇ ತಾಯಿಗೆ ಹೇಳಿಬಿಟ್ಟಿದ್ದ. ವಾರ ಕಳೆಯುವುದರೊಳಗೆ ಗುರುಬಲದ ಸುದ್ದಿ ಬಂತು.

ಮನೆಯವರೆಲ್ಲ ಕೂತರು. ಆಸ್ತಿಯಲ್ಲಿ ಕೊರತೆ ಇಲ್ಲ, ಮನೆತನದಲ್ಲಿ ಹುಳುಕಿಲ್ಲ. ಹುಡುಗ ಮಂಕು ಅನ್ನುವ ಹಾಗೂ ಇಲ್ಲ. ಅವನ ಮಾತಿಗೆ ಬಿದ್ದು, ಕರ್ಚೀಪು ಕೊಳ್ಳಲು ಬಂದವರು ಸೀರೆ ಒಯ್ಯುತ್ತಿದ್ದರು. ಹೆಣ್ಣು ನೋಡಲು ಹೋದಾಗಲೂ ಅವಲಕ್ಕಿ ತಟ್ಟೆ ಬಂದಲ್ಲಿಂದ ಎಲೆ ಅಡಿಕೆಯವರೆಗೆ ಅವನೊಬ್ಬನೇ ಮಾತಾಡಿದ್ದ. ಸೂರತ್ತಿನ ಸೀರೆ, ದಾವಣಗೆರೆಯ ಹತ್ತಿ ಮಿಲ್ಲು, ಕ್ರಿಕೆಟ್ಟು, ಯಾವುದನ್ನೂ ಬಿಟ್ಟಿರಲಿಲ್ಲ. ಹುಡುಗ ಎಷ್ಟು ಚುರುಕು ಅಂತ ಮನೆಯವರು ಹೆಮ್ಮೆಪಟ್ಟಿದ್ದರು. ಇನ್ನು ಉಳಿದದ್ದು ಅವನ ಮುಖ. ತಾಯಿ ಗುರುಶಾಂತಮ್ಮ ಆ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, ನಿಟ್ಟುಸಿರುಬಿಟ್ಟು, ಹಲ್ಲು ಅಂದರು.

ಹಲ್ಲು ಮುಂದಿದ್ದದ್ದು ಸುಳ್ಳಲ್ಲ. ತುಟಿ ಮುಚ್ಚಿದರೂ ಮೇಲಿನ ಎರಡು ಹಲ್ಲು ಹೊರಗೆ ಬಂದು ಬೀದಿ ನೋಡುತ್ತಿದ್ದವು. ಇಷ್ಟು ವರ್ಷ ಯಾರಿಗೂ ಅದು ದೋಷ ಅನ್ನಿಸಿರಲಿಲ್ಲ. ಕಾರಣ ಬೇಕಾದ ದಿನ ಅವು ಕೈಗೆ ಸಿಕ್ಕವು, ಅಷ್ಟೇ. ಕಾರಣ ಸಿಕ್ಕಿದ್ದಕ್ಕೆ ಎಲ್ಲರಿಗೂ ಎಂಥದೋ ಸಮಾಧಾನವಾಯಿತು.

ದಾವಣಗೆರೆಯಲ್ಲಿ ಹಲ್ಲನ್ನು ಹಿಂದಕ್ಕೆ ಸರಿಸುವ ಡಾಕ್ಟರೊಬ್ಬರು ಇದ್ದರು. ಅವರು ಎರಡು ಹಲ್ಲು ಕಿತ್ತು ಜಾಗ ಮಾಡಿ, ಉಳಿದ ಹಲ್ಲುಗಳಿಗೆ ಒಂದೊಂದು ಸ್ಟೀಲಿನ ಪಟ್ಟಿ ತೊಡಿಸಿ, ಪಟ್ಟಿಯಿಂದ ಪಟ್ಟಿಗೆ ತಂತಿ ಎಳೆದರು. ಎರಡೂವರೆ ವರ್ಷ ಹೀಗೇ ಇರಬೇಕು, ತಿಂಗಳಿಗೊಮ್ಮೆ ಬಂದು ತಂತಿ ಬಿಗಿ ಮಾಡಿಸಿಕೊಳ್ಳಬೇಕು ಅಂದರು. ಕೊಡುಬಳೆ, ಚಕ್ಕುಲಿ, ಕಬ್ಬು, ಒಣರೊಟ್ಟಿ, ಶೇಂಗಾ ಚಿಕ್ಕಿ ಇವುಗಳ ಹೆಸರೂ ಎತ್ತುವಂತಿಲ್ಲ. ಏನು ತಿಂದರೂ ತಕ್ಷಣ ಸಣ್ಣ ಬ್ರಷ್ಷಿನಿಂದ ತಂತಿಯ ಸಂದಿ ಸಂದಿಯನ್ನೂ ಉಜ್ಜಬೇಕು, ಉಪ್ಪು ನೀರು ಮುಕ್ಕಳಿಸಬೇಕು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಮೇಣದ ಉಂಡೆ ಮಾಡಿ ಅದರ ಮೇಲೆ ಒತ್ತಬೇಕು. ಕರಿಬಸವರಾಜ ಎಲ್ಲಕ್ಕೂ ಹೂಂ ಅಂದ. ನಿರ್ಮಲಳಿಗಾಗಿ ಇನ್ನೂ ಎರಡು ಹಲ್ಲು ಕೀಳುತ್ತೇವೆ ಅಂದಿದ್ದರೂ ಅವನು ಬಾಯಿ ತೆರೆಯುತ್ತಿದ್ದ.

ತಂತಿ ಕಟ್ಟಿಸಿಕೊಂಡು ಊರಿಗೆ ಬಂದಮೇಲೆ ಗುರುಶಾಂತಮ್ಮನವರಿಗೆ ಹೊಸ ಚಿಂತೆ ಹತ್ತಿತು. ಹೆಣ್ಣುಮಕ್ಕಳು ಚಂದ ಕಾಣಲಿ ಅಂತ ಏನು ಮಾಡಿಸಿಕೊಂಡರೂ ನಡೆಯುತ್ತದೆ. ಗಂಡುಮಗ, ಅದೂ ವಾಮದೇವಪ್ಪನವರ ಮಗ, ಒಬ್ಬ ಹುಡುಗಿ ಒಲ್ಲೆ ಅಂದದ್ದಕ್ಕೆ ಬಾಯಿಗೆ ಬೇಲಿ ಹಾಕಿಸಿಕೊಂಡ ಅಂದರೆ ಊರು ಸುಮ್ಮನಿರುತ್ತದೆಯೇ? ಮಾರನೇ ದಿನ ಮಗ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಗಲ್ಲಾದ ಹತ್ತಿರ ಕೂತ. ಹಿಂದಿನ ಓಣಿಯ ಅಂಜಿನವ್ವ ಕುಬುಸದ ಬಟ್ಟೆಗೆ ಬಂದವಳು, ಯಾಕ ಬಸಣ್ಣ ಮಾತಾಡವಲ್ಲ ಅಂತ ಕೇಳಿದಳು. ಗುರುಶಾಂತಮ್ಮ ಹಿಂದೆ ಮುಂದೆ ನೋಡದೆ ಬಾಯಿಗೆ ಬಂದದ್ದನ್ನು ಹೇಳಿದರು.

"ಮನೆದೇವ್ರು ಅಜ್ಜಯ್ಯಗ ಮೌನವ್ರತ ಹಿಡಿದಾನ. ಅಪ್ಪಣೆ ಆಗೋತನಕ ಬಾಯಿ ಬಿಡಂಗಿಲ್ಲ."

ಒಂದು ಸುಳ್ಳಿಗೆ ಇಷ್ಟು ಅನುಕೂಲ ಇರುತ್ತದೆಂದು ಆ ತಾಯಿಗೂ ಗೊತ್ತಿರಲಿಲ್ಲ. ಮಗ ಗಂಜಿ, ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುವುದಿಲ್ಲ, ವ್ರತ. ಉಂಡ ಕೂಡಲೇ ಹಿತ್ತಲಿಗೆ ಹೋಗಿ ಬಾಯಿ ತೊಳೆದೂ ತೊಳೆದೂ ಬರುತ್ತಾನೆ, ಮಡಿ. ತಿಂಗಳಿಗೊಮ್ಮೆ ದಾವಣಗೆರೆ ಬಸ್ಸು ಹತ್ತುತ್ತಾನೆ, ಅದು ಯಾವುದೋ ದರ್ಶನ. ಬಂದಮೇಲೆ ಎರಡು ದಿನ ಕೆನ್ನೆ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಾನೆ, ಭಕ್ತಿ. ಅಜ್ಜಯ್ಯನ ಅಪ್ಪಣೆ ಇನ್ನೂ ಆಗಿಲ್ಲ ಅಂದರೆ ಡಾಕ್ಟರು ಇನ್ನೂ ತಂತಿ ಬಿಚ್ಚಿಲ್ಲ ಅಂತ ಅರ್ಥ. ವಾಮದೇವಪ್ಪನವರು ಮೊದಮೊದಲು ಗೊಣಗಿದರು. ವ್ಯಾಪಾರ ಏರತೊಡಗಿದ ಮೇಲೆ ಅವರೂ ಮೌನ ಹಿಡಿದರು.

ಪಾಪ, ಆ ಹುಡುಗ ಪಟ್ಟ ಪಾಡು ಅವನಿಗೇ ಗೊತ್ತು. ಸಂಜೆ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆಯ ಬಾಣಲೆ ಸದ್ದು ಮಾಡಿತೆಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದ. ದಾವಣಗೆರೆಯಲ್ಲಿ ಡಾಕ್ಟರ ಕಡೆಯಿಂದ ಬರುವಾಗ ಬೆಣ್ಣೆ ದೋಸೆ ಹೇಳಿ, ಗರಿಗರಿ ಅಂಚನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟು, ನಡುವಿನ ಮೆತ್ತನೆಯ ಭಾಗವನ್ನಷ್ಟೇ ನುಂಗುತ್ತಿದ್ದ. ಒಮ್ಮೆ ಆಸೆ ತಡೆಯಲಾರದೆ ಒಂದು ಕೊಡುಬಳೆ ಕಡಿದು, ಪಟ್ಟಿಯೊಂದು ಕಳಚಿ, ಡಾಕ್ಟರ ಬಾಯಿಯಿಂದ ಚೆನ್ನಾಗಿ ಅನ್ನಿಸಿಕೊಂಡ. ಆದರೆ ಹಸಿವೆಗಿಂತ ಹೆಚ್ಚು ಹಿಂಸೆ ಕೊಟ್ಟದ್ದು ಮಾತು. ಬಾಯಲ್ಲಿ ಬಂದ ಮಾತನ್ನು ಮೇಣದ ಹಾಗೆ ತಂತಿಗೆ ಒತ್ತಿ ಇಟ್ಟುಕೊಂಡು ಅಭ್ಯಾಸವಿಲ್ಲದ ಪ್ರಾಣಿ ಅದು.

ಮಾತಾಡದವನ ಮುಂದೆ ಜನರಿಗೆ ಮಾತು ಬರುತ್ತದೆ. ಅಂಜಿನವ್ವ ಕುಬುಸದ ನೆವ ಮಾಡಿಕೊಂಡು ಬಂದು ಸೊಸೆಯ ದೂರು ಹೇಳಿದಳು. ಇವನು ಏನು ಮಾಡಿಯಾನು, ತಲೆ ಆಡಿಸಿದ. ಅವಳಿಗೆ ಎದೆ ಹಗುರಾಯಿತು. ಮರುದಿನ ಮತ್ತೊಬ್ಬಳನ್ನು ಕರೆತಂದಳು. ಗಂಡನ ಕುಡಿತ, ಅತ್ತೆಯ ಕಾಟ, ಮಕ್ಕಳ ಫೇಲು ಪಾಸು ಎಲ್ಲವೂ ಆ ಅಂಗಡಿಯ ಜಮಖಾನದ ಮೇಲೆ ಬಂದು ಬಿದ್ದವು. ಅವನು ಎಲ್ಲಕ್ಕೂ ತಲೆ ಆಡಿಸುತ್ತಿದ್ದ. ಬಸಣ್ಣನಷ್ಟು ತಿಳಿದವರು ಇಲ್ಲ ಅಂತ ಊರು ಮಾತಾಡತೊಡಗಿತು. ಅವನ ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಮಾತು ಕೊನೆಯವರೆಗೆ ಅವನ ಕಿವಿಗೆ ಬೀಳುತ್ತಿತ್ತು ಅನ್ನುವುದು ಊರಿಗೇನು ಗೊತ್ತು? ದೇವರ ಪಟದ ಮುಂದಿನ ವಿಭೂತಿಯನ್ನು ಅವನ ಕೈಯಿಂದಲೇ ಇಸಿದುಕೊಳ್ಳುವ ರೂಢಿಯೂ ಶುರುವಾಯಿತು.

ನಿರ್ಮಲ ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಂದು, ಅಂಗಡಿಯ ಎದುರಿಗೇ ಬಸ್ಸು ಬದಲಿಸಿ ಕಡರನಾಯಕನಹಳ್ಳಿಗೆ ಹೋಗುತ್ತಿದ್ದಳು. ಅವಳು ಕಂಡಾಗಲೆಲ್ಲ ಅವನು ನಾಲಿಗೆಯಿಂದ ಹಲ್ಲು ಸವರಿಕೊಂಡು, ಸ್ವಲ್ಪ ಹಿಂದೆ ಹೋಗಿವೆ ಅಂತ ಧೈರ್ಯ ತಂದುಕೊಳ್ಳುತ್ತಿದ್ದ. ತಂತಿ ಕಟ್ಟಿ ಒಂದೂವರೆ ವರ್ಷವಾದಾಗ ಅಂಜಿನವ್ವನೇ ಆ ಸುದ್ದಿ ತಂದಳು. ಮಲೆಬೆನ್ನೂರಿನ ಅಕ್ಕಿ ಗಿರಣಿಯವರು ಆ ಟೀಚರಮ್ಮನನ್ನು ಕೇಳಿದ್ದಾರೆ, ಸೋಮವಾರ ಮಾತು ಗಟ್ಟಿ ಮಾಡುವ ಎಲೆ ಅಡಿಕೆ ಶಾಸ್ತ್ರವಂತೆ. ಅವನು ಅದಕ್ಕೂ ತಲೆ ಆಡಿಸಿದ. ಆಮೇಲೆ ಹಿತ್ತಲಿಗೆ ಹೋಗಿ, ಏನೂ ತಿನ್ನದಿದ್ದರೂ ಬ್ರಷ್ಷು ಹಿಡಿದು ಒಸಡಿನಲ್ಲಿ ರಕ್ತ ಬರುವ ತನಕ ಹಲ್ಲು ಉಜ್ಜಿದ. ಬಾಯಿ ತೊಳೆಯುವ ನೆವದಲ್ಲಿ ಅತ್ತ.

ಅದೇ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದ ನಿರ್ಮಲ ನೆಟ್ಟಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ಗುರುಶಾಂತಮ್ಮ ಗಲ್ಲಾದ ಮೇಲಿದ್ದರು. ಅಂಜಿನವ್ವ ಅದೇ ತಾನೇ ವಿಭೂತಿ ಇಸಿದುಕೊಂಡು ಹಣೆಗೆ ಹಚ್ಚುತ್ತಿದ್ದಳು, ಇನ್ನಿಬ್ಬರು ಹೆಂಗಸರು ಸರದಿಯಲ್ಲಿ ಕೂತಿದ್ದರು. ನಿರ್ಮಲ ಒಂದು ಪೀಸು ತೆಗೆಸಿ, ಬಣ್ಣ ನೋಡುವ ಹಾಗೆ ಬಗ್ಗಿ, ಮೆಲ್ಲಗೆ ಮಾತು ತೆಗೆದಳು.

"ಅವತ್ತು ನಿಮಗೆ ಒಂದ್ ಮಾತು ಕೇಳ್ಬೇಕು ಅಂತ ಕೂತಿದ್ದೆ. ನೀವು ಕೇಳಾಕ ಬಿಡ್ಲಿಲ್ಲ, ಒಂದೇ ಸಮ ಮಾತಾಡಿದ್ರಿ. ಅದಕ್ಕ ಬ್ಯಾಡ ಅಂದೆ. ಈಗ ನೀವು ಎಲ್ಲಾರ ಮಾತೂ ಕೇಳ್ತೀರಿ ಅಂತ ಬಸ್ಸಿನ್ಯಾಗ ಹೇಳ್ತಾರೆ."

ಅವನು ಟವೆಲು ಹಿಡಿದುಕೊಂಡೇ ಅವಳನ್ನು ನೋಡಿದ. ಮಲೆಬೆನ್ನೂರಿನವರು ಕೆಲಸ ಬಿಡಬೇಕು ಅನ್ನುತ್ತಿದ್ದಾರೆ, ಅಪ್ಪ ಒಪ್ಪಿಕೊಂಡಾಗಿದೆ, ತನಗೆ ಮನಸ್ಸಿಲ್ಲ ಅಂತ ಅವಳು ಹೇಳಿದಳು. ನಿಮ್ಮನೆಯಲ್ಲಾದರೆ ಮದುವೆಯಾದ ಮೇಲೂ ಶಾಲೆಗೆ ಹೋಗಬಹುದೇ ಅಂತ ಕೇಳಿದಳು. ಅವನು ಜೋರಾಗಿ ತಲೆ ಆಡಿಸಿದ.

"ಹಂಗೆ ಆಡಿಸಿದ್ರೆ ಆಗಲ್ರಿ. ಎಲ್ಲಾರಿಗೂ ಹಂಗೇ ಆಡಿಸ್ತೀರಂತ. ಬಾಯಿಬಿಟ್ಟು ಹೇಳ್ರಿ."

ವ್ರತದಲ್ಲಿದ್ದಾನೆ, ಮಾತಾಡುವಂತಿಲ್ಲ ಅಂತ ಗುರುಶಾಂತಮ್ಮ ನಡುವೆ ಬಂದರು. ಕೂತಿದ್ದ ಹೆಂಗಸರು ಇತ್ತ ತಿರುಗಿದರು. ನಿರ್ಮಲ ಪೀಸನ್ನು ಮಡಚಿ ಅವನ ಮುಂದಿಟ್ಟು, ಬಸ್ಸಿನ ಕಡೆ ನೋಡಿದಳು. ಕರಿಬಸವರಾಜ ತಾಯಿಯ ಮುಖ ನೋಡಿದ. ಬಾಯಿ ಬಿಟ್ಟರೆ ಸಂಜೆಯೊಳಗೆ ಆ ತಾಯಿಯ ಸುಳ್ಳು ಹರಿಹರವನ್ನೆಲ್ಲ ಸುತ್ತಿ ಬರುತ್ತದೆ, ಬಿಡದಿದ್ದರೆ ಇವಳು ಸೋಮವಾರ ಮಲೆಬೆನ್ನೂರಿನ ಸೊತ್ತು. ತಾಯಿ ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡರು. ಆದರೂ ಅವನು ಟವೆಲು ತೆಗೆದ.

"ಕೆಲಸ ಬಿಡಬ್ಯಾಡ್ರಿ," ಅಂದ.

ಅಷ್ಟು ದಿನ ಒಳಗೇ ಇದ್ದ ದನಿ ತಂತಿಯ ಸಂದಿಯಿಂದ ಸೀಟಿ ಸೇರಿಸಿಕೊಂಡು ಬಂತು. ಮಧ್ಯಾಹ್ನದ ಬಿಸಿಲಿಗೆ ಅವನ ಬಾಯೆಲ್ಲ ಸ್ಟೀಲು ಪಾತ್ರೆ ಅಂಗಡಿಯ ಹಾಗೆ ಮಿಂಚಿತು. ಅಂಜಿನವ್ವ ಬಗ್ಗಿ ಅವನ ಬಾಯನ್ನು ಚೆನ್ನಾಗಿ ನೋಡಿದಳು. ಆಮೇಲೆ ಗುರುಶಾಂತಮ್ಮನವರನ್ನು ನೋಡಿದಳು. ಹಣೆಯ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಅವಳ ಹಿಂದೆಯೇ ಉಳಿದಿಬ್ಬರೂ ಎದ್ದರು.

ನಿರ್ಮಲ ಮಾತ್ರ ನಿಂತಿದ್ದಳು. ನಾಳೆಯೇ ಹಿರಿಯರನ್ನು ಕರೆದುಕೊಂಡು ಮನೆಗೆ ಬನ್ನಿ, ಅಪ್ಪನಿಗೆ ನಾನು ಹೇಳಿರುತ್ತೇನೆ ಅಂದಳು. ಅವಳ ಮುಖ ಕೆಂಪಾಗಿತ್ತು. ಮೆಟ್ಟಿಲು ಇಳಿಯುತ್ತಿದ್ದವಳು ಏನೋ ನೆನಪಾದಂತೆ ತಿರುಗಿ, ಶಾಲೆ ಮಕ್ಕಳ ಬಾಯಿ ನೋಡುವ ಹಾಗೆ ಅವನ ಬಾಯಿ ನೋಡಿದಳು.

"ಅದೇನ್ರಿ ತಂತಿ? ನಿಮ್ಮ ಹಲ್ಲಿಗೆ ಏನಾಗಿತ್ತು?"

ಗುರುಶಾಂತಮ್ಮ ತಲೆ ತಗ್ಗಿಸಿ ಗಲ್ಲಾದ ಬೀಗವನ್ನು ತಿರುಗಿಸುತ್ತ ಕೂತರು. ಕರಿಬಸವರಾಜನ ನಾಲಿಗೆ, ಕಿತ್ತ ಹಲ್ಲುಗಳ ಜಾಗಕ್ಕೆ ಹೋಗಿ ಬಂತು. ಒಂದೂವರೆ ವರ್ಷದ ಗಂಜಿ, ಚುಚ್ಚಿದ ಕೆನ್ನೆ, ಇನ್ನೂ ಒಂದು ವರ್ಷ ಬಿಚ್ಚುವುದಿಲ್ಲ ಅಂದಿದ್ದ ಡಾಕ್ಟರು, ಹೇಳಬೇಕಾದದ್ದು ಅವನ ಹತ್ತಿರ ಬೇಕಾದಷ್ಟಿತ್ತು. ಕೇಳಲು ಅವಳೂ ಕಾದು ನಿಂತಿದ್ದಳು.

"ಏನೂ ಆಗಿದ್ದಿಲ್ರಿ," ಅಂದ.